ಗುಡ್ಡಕ್ಕೆ ಕೊಟ್ಟ ಕತ್ತಲೆ

ನನ್ನ ಬಾಯಿ ಜೋರು ಎನ್ನುವುದು ಬೇಡಕಿಹಾಳದ ಸಂತೆಗೂ ಗೊತ್ತು, ನಿಪ್ಪಾಣಿಯ ಬಸ್‌ಸ್ಟ್ಯಾಂಡಿಗೂ ಗೊತ್ತು. ಕಬ್ಬು ಕಡಿಯುವ ಟೋಳಿಯವರು ನಮ್ಮ ಹೊಲಕ್ಕೆ ಕಾಲಿಡುವ ಮೊದಲು ಗೌರಾಬಾಯಿ ಬಂದಿದ್ದಾಳೋ ಇಲ್ಲವೋ ಎಂದು ಬದುವಿನಿಂದಲೇ ಇಣುಕಿ ನೋಡುತ್ತಾರೆ. ನಾನಿದ್ದರೆ ಬಗ್ಗಿ ನೆಲಮಟ್ಟಕ್ಕೆ ಕಡಿಯಬೇಕು; ಬುಡ ಬಿಟ್ಟು ಮೇಲೆ ಕಡಿದರೆ ತಮ್ಮ ಊರಿಗೂ ಕೇಳುವ ಹಾಗೆ ಬೈಸಿಕೊಳ್ಳಬೇಕು. ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದು ನನ್ನ ಜಾಯಮಾನವಲ್ಲ. ಅಂಥವಳು ಈಗ ಒಂದು ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿದ್ದೇನೆ. ಇಲ್ಲಿ ಹೇಳಿ ಹಗುರಾಗುತ್ತೇನೆ. ನಮ್ಮ ಮನೆಯ ಕಡೆ ಬಂದರೆ ಮಾತ್ರ ನೀವು ಇದನ್ನು ಬಾಯಿಬಿಡಬೇಡಿ.

ನಮ್ಮ ಹೊಲದ ಬೆನ್ನಿಗೆ ಜೋಗಿಗುಡ್ಡವಿದೆ. ಅದರ ನೆತ್ತಿಯ ಮೇಲೆ ವಿಶ್ವವಿದ್ಯಾಲಯದವರು ಕಟ್ಟಿಸಿದ ಬಿಳಿ ಗುಮ್ಮಟ, ಗುಮ್ಮಟದೊಳಗೆ ಆಕಾಶ ನೋಡುವ ದೊಡ್ಡ ದುರ್ಬೀನು. ಬೋರ್ಡಿನ ಮೇಲೆ ಖಗೋಳ ವೀಕ್ಷಣಾಲಯ ಎಂದು ಬರೆದಿದೆ. ಊರಿನವರ ಬಾಯಲ್ಲಿ ಅದು ಡೋಮು. ಅದನ್ನು ಕಟ್ಟುವಾಗ ನನ್ನ ಗಂಡ ಮುರಗೆಪ್ಪನವರ ಸಂಭ್ರಮ ಹೇಳತೀರದು. ಗುಡ್ಡದ ಆಚೆ ಮಗ್ಗುಲಿಗೆ ನಮ್ಮದೊಂದು ತುಂಡು ಬೆದ್ದಲು ಭೂಮಿಯಿದೆ. ಡೋಮಿಗೆ ಕರೆಂಟು ಒಯ್ಯುವ ಕಂಬಗಳು ಆ ಭೂಮಿಯೊಳಗಿಂದಲೇ ಹೋಗಬೇಕಾಗಿತ್ತು. ಬೇರೆಯವರಾಗಿದ್ದರೆ ಕೋರ್ಟು ಕಚೇರಿ ಎನ್ನುತ್ತಿದ್ದರು. ನಮ್ಮವರು ಬಿಸಿಲಲ್ಲಿ ಕೊಡೆ ಹಿಡಿದು ನಿಂತು, ಇಲ್ಲಿ ನೆಡಿ, ಅಲ್ಲಿ ನೆಡಿ ಎಂದು ಒಂದೊಂದು ಕಂಬವನ್ನೂ ತಾವೇ ನೆಡಿಸಿ ಬಂದರು. ಗುಡ್ಡದ ಕರೆಂಟು ಆಚೆ ಊರಿನ ಲೈನಿನದು ಎಂಬುದು ಅವರಿಗೆ ತಮ್ಮ ಅಂಗೈಯಷ್ಟು ಖಾತ್ರಿ.

ನಮ್ಮ ಒಬ್ಬಳೇ ಮಗಳು ಮನೀಷಾ. ಶಾಲೆಯಿಂದ ಮಕ್ಕಳನ್ನು ಡೋಮು ತೋರಿಸಲು ಕರೆದೊಯ್ದಿದ್ದರು. ಉಳಿದ ಮಕ್ಕಳು ಕೆಳಗಿಳಿದು ಬಂದು ಪೇರಲ ಹಣ್ಣಿಗೆ ಜಗಳಾಡಿದರು, ನಮ್ಮವಳು ಮಾತ್ರ ಅಲ್ಲಿಯೇ ಮನಸ್ಸು ಬಿಟ್ಟು ಬಂದಳು. ನಿಪ್ಪಾಣಿಯಲ್ಲಿ ಬಿ.ಎಸ್‌ಸಿ. ಮುಗಿಸಿ, ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮಾಡಿ, ತಿರುಗಿ ಅದೇ ಗುಡ್ಡಕ್ಕೆ ಬಂದಳು. ಡೋಮು ನೋಡಿಕೊಳ್ಳುವ ಪ್ರೊಫೆಸರು ವಿಶ್ವಾಸ ಸರ್ ಅವರ ಕೈಕೆಳಗೆ ಪಿಎಚ್.ಡಿ. ಮಾಡುವುದಾಗಿ ಹೇಳಿದಳು. ನಮ್ಮವರು ಊರಿಗೆಲ್ಲ ಪೇಢೆ ಹಂಚಿದರು.

ಆ ಪೇಢೆಯ ರುಚಿ ಹೆಚ್ಚು ದಿನ ಉಳಿಯಲಿಲ್ಲ. ನಕ್ಷತ್ರ ನೋಡುವ ಕೆಲಸವೆಂದರೆ ರಾತ್ರಿಯ ಕೆಲಸ. ಹುಡುಗಿ ಸಂಜೆ ಗುಡ್ಡ ಹತ್ತಿ ಬೆಳಗ್ಗೆ ಇಳಿಯುತ್ತಾಳೆ ಎಂದು ಜನ ಆಡಿಕೊಳ್ಳತೊಡಗಿದರು. ಶೇಡಬಾಳದಿಂದ ಬಂದ ಒಳ್ಳೆಯ ಸಂಬಂಧವೊಂದು ಇದೇ ಮಾತಿಗೆ ಮುರಿದುಬಿತ್ತು. ನಾನಾದರೆ ಆ ಬೀಗರ ಮನೆಯ ಮುಂದೆ ನಿಂತು ನಾಲ್ಕು ಮಾತು ಕೇಳಿ ಬರುತ್ತಿದ್ದೆ. ನಮ್ಮವರು ಸಿಟ್ಟನ್ನು ಮಗಳ ಮೇಲೆ ತಿರುಗಿಸಿದರು. ಗುಡ್ಡ ಬಿಡು ಎಂದರು. ಬಿಡುವುದಿಲ್ಲ ಎಂದಳು. ಅವಳ ಹಟ ಯಾರದೆಂದು ಕೇಳಬೇಡಿ, ಅವರದೇ. ಅಂದಿನಿಂದ ಅಪ್ಪ ಮಗಳ ಮಾತು ನಿಂತುಹೋಯಿತು.

ಮಾತು ನಿಂತಿತು ಎಂದರೆ ಮನೆಯಲ್ಲಿ ಮಾತೇ ಇಲ್ಲ ಎಂದಲ್ಲ. ಎಲ್ಲ ಮಾತೂ ನನ್ನ ಮೂಲಕ ಹಾಯತೊಡಗಿತು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಉಣ್ಣುವಾಗಲೂ ಅವರು ನನ್ನತ್ತ ನೋಡಿ, "ಆಕೀಗೆ ಹೇಳು, ಗಾಡಿ ಚಾವಿ ಗೂಟಕ್ಕೈತಿ" ಎನ್ನುವರು. ಇವಳು ತನ್ನ ತಾಟು ನೋಡುತ್ತ, "ಅಪ್ಪಗ ಹೇಳು, ನಾ ಬಸ್ಸಿಗೆ ಹೊಕ್ಕೀನಿ" ಎನ್ನುವಳು. ಇಬ್ಬರಿಗೂ ಕಿವಿ ನೆಟ್ಟಗಿವೆ. ಆದರೂ ನಾನು ಅದನ್ನೇ ತಿರುಗಿ ಹೇಳಬೇಕು. ನಾನೇನು ನಿಮ್ಮ ಮನೆಯ ಪೋಸ್ಟಮನ್ನನೇ ಎಂದು ಒಮ್ಮೆ ಸಾರಿನ ಸೌಟು ನೆಲಕ್ಕೆ ಕುಕ್ಕಿದ್ದೆ. ಇಬ್ಬರೂ ತಲೆ ಎತ್ತಲಿಲ್ಲ. ಗುಡ್ಡದ ಸುದ್ದಿಯನ್ನಂತೂ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮನೀಷಾ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ನಾನು ರೊಟ್ಟಿ ತಟ್ಟುತ್ತಿದ್ದೆ. ಗುಡ್ಡವನ್ನು ಮುಚ್ಚುವ ಮಾತು ನಡೆದಿದೆ ಎಂದಳು. ವಿಶ್ವಾಸ ಸರ್ ಬರುವ ಮಳೆಗಾಲಕ್ಕೆ ನಿವೃತ್ತರಾಗುತ್ತಾರೆ, ಆಮೇಲೆ ಡೋಮಿಗೆ ಬೀಗ ಹಾಕುವುದೇ ವಾಸಿ ಎಂದು ವಿಶ್ವವಿದ್ಯಾಲಯದ ದೊಡ್ಡವರು ಅಂದುಕೊಂಡಿದ್ದಾರಂತೆ. ಆದರೆ ಒಂದು ದಾರಿ ಉಳಿದಿತ್ತು. ಬಹಳ ದೂರದಲ್ಲಿ ಸೂರ್ಯನನ್ನು ಸುತ್ತುವ ಒಂದು ಸಣ್ಣ ಲೋಕ ಫೆಬ್ರುವರಿಯ ಒಂದು ಸಂಜೆ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಆಗ ಅದರ ನೆರಳು ಭೂಮಿಯ ಮೇಲೆ ಒಂದು ಪಟ್ಟಿಯ ಹಾಗೆ ಓಡುತ್ತದೆ. ಆ ಪಟ್ಟಿ ನಮ್ಮ ಜೋಗಿಗುಡ್ಡದ ಮೇಲೆಯೇ ಹಾಯುತ್ತದೆ. ಆ ಪಟ್ಟಿಯೊಳಗೆ ದೊಡ್ಡ ದುರ್ಬೀನು ಎಂದರೆ ನಮ್ಮದೊಂದೇ.

ಅದರಿಂದ ಬರುವುದೇನು ಎಂದು ಕೇಳಿದೆ. ಅವಳು ನನ್ನ ಪರಾತದಿಂದ ಹಿಟ್ಟಿನ ಸಣ್ಣ ಉಂಡೆ ತೆಗೆದುಕೊಂಡಳು, ನನ್ನ ಕೈಯಿಂದ ಒಂದು ಬಳೆ ಬಿಚ್ಚಿಸಿಕೊಂಡಳು. ಉಂಡೆಯ ಸುತ್ತ ಬಳೆ ಹಿಡಿದು ದೀಪದ ಮುಂದೆ ಮೆಲ್ಲಗೆ ಹಾಯಿಸಿದಳು. ಮೊದಲು ಬಳೆ ಅಡ್ಡ ಬಂದು ದೀಪ ಒಮ್ಮೆ ಮಿಣುಕಿತು, ಉಂಡೆ ಬಂದಾಗ ಮರೆಯಾಯಿತು, ಕೊನೆಗೆ ಬಳೆಯ ಇನ್ನೊಂದು ಮಗ್ಗುಲು ಬಂದು ಮತ್ತೊಮ್ಮೆ ಮಿಣುಕಿತು. ಆ ಸಣ್ಣ ಲೋಕಕ್ಕೂ ಶನಿಯ ಹಾಗೆ ಬಳೆ ಇದೆ ಎಂದು ವಿಶ್ವಾಸ ಸರ್ ಅವರಿಗೆ ಬಹಳ ವರ್ಷದ ಗುಮಾನಿ. ನಕ್ಷತ್ರ ಹಾಗೆ ಮಿಣುಕಿದ್ದು ಕ್ಯಾಮೆರಾದಲ್ಲಿ ಸಿಕ್ಕರೆ ಜಗತ್ತಿನ ಪುಸ್ತಕಗಳಲ್ಲಿ ನಮ್ಮ ಗುಡ್ಡದ ಹೆಸರು ಬರುತ್ತದೆ, ಆಮೇಲೆ ಅದಕ್ಕೆ ಬೀಗ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ, ತನಗೆ ಅಲ್ಲಿಯೇ ಕಾಯಂ ಕೆಲಸವಾಗುತ್ತದೆ ಎಂದಳು. ಎಲ್ಲ ಕೆಲವೇ ಕ್ಷಣದ ಆಟ. ತಪ್ಪಿದರೆ ಆ ನೆರಳು ಮತ್ತೆ ಈ ಗುಡ್ಡಕ್ಕೆ ಬರುವುದನ್ನು ನಾವ್ಯಾರೂ ಕಾಣುವುದಿಲ್ಲ.

ತೊಡಕು ಒಂದೇ, ಬೆಳಕು. ನಕ್ಷತ್ರ ಬಹಳ ಮಂದ, ಅದೂ ಸಂಜೆಯ ಹೊತ್ತು ದಿಗಂತದ ಹತ್ತಿರ. ಆ ದಿಕ್ಕಿಗೆ ಸರಿಯಾಗಿ ಬಾಳಾಸಾಬರ ಡ್ರ್ಯಾಗನ್ ಹಣ್ಣಿನ ತೋಟವಿದೆ. ಬಾಳಾಸಾಬರು ನಮ್ಮ ಮಗ್ಗುಲ ಹೊಲದವರು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡುವ ನಗೆಗಾರ. ಚಳಿಗಾಲದಲ್ಲೂ ಗಿಡ ಹೂ ಬಿಡಲಿ ಎಂದು ಸಾಲುಸಾಲಿಗೆ ಬಲ್ಬು ಕಟ್ಟಿ ಸಂಜೆಯಿಂದಲೇ ಹೊತ್ತಿಸಿಬಿಡುತ್ತಾರೆ. ದೂರದಿಂದ ನೋಡಿದರೆ ಮದುವೆ ಮನೆಯ ಮಂಟಪ. ಮನೀಷಾ, ವಿಶ್ವಾಸ ಸರ್ ಇಬ್ಬರೂ ಮನೆಮನೆಗೆ ಹೋಗಿ ಆ ಒಂದು ಸಂಜೆ ಸ್ವಲ್ಪ ಹೊತ್ತು ದೀಪ ಆರಿಸಿರಿ ಎಂದು ಕೈಮುಗಿದು ಬಂದರು. ಊರವರು ಆಯಿತು ಎಂದರು. ಬಾಳಾಸಾಬರು ಮಾತ್ರ, ಗಿಡ ಮೊಗ್ಗಿಗೆ ಬಂದಿವೆ, ಈಗ ಬಲ್ಬು ಆರಿಸಿದರೆ ಮುನಿಸಿಕೊಳ್ಳುತ್ತವೆ ಎಂದು ನಕ್ಕು, ಚಹಾ ಕುಡಿಸಿ ಕಳಿಸಿದರು. ಅವಳು ಎಲ್ಲರ ಮನೆಗೂ ಹೋದಳು, ಹೊಸಿಲ ಒಳಗೇ ಇದ್ದ ಅಪ್ಪನನ್ನು ಕೇಳಲಿಲ್ಲ.

ಆದರೆ ಅವರು ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಉಣ್ಣಲು ಕೂತಾಗ, ನೆರಳು ಹಾಯುವುದು ಯಾವ ಹೊತ್ತಿಗೆ ಎಂದು ನನ್ನನ್ನು ಕೇಳಿದರು. ದನಕ್ಕೆ ಯಾವಾಗ ಮೇವು ಹಾಕಬೇಕು ಎಂದು ಕೇಳುವ ದನಿಯಲ್ಲೇ ಕೇಳಿದರು. ನಾನು ಹೇಳಿದೆ. ಮಜ್ಜಿಗೆ ಕುಡಿದು ಎದ್ದರು. ಆ ದಿನದಿಂದ ಸಂಜೆಯಾದರೆ ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋಗತೊಡಗಿದರು. ಕಾರ್ಖಾನೆಗೆ ಕಬ್ಬು ಸಾಗಿಸುವ ಪಾಳಿಯ ಗಡಿಬಿಡಿ ಇರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ.

ಆ ಸಂಜೆ ಬಂತು. ಮನೀಷಾ ಮೊದಲ ಸಲ ನನ್ನನ್ನು, ಗುಡ್ಡಕ್ಕೆ ಬಾರವ್ವ ಎಂದು ಕರೆದಳು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಏದುಸಿರು ಬಿಡುತ್ತ ಹತ್ತಿದೆ. ಮಫ್ಲರು ಸುತ್ತಿಕೊಂಡ ವಿಶ್ವಾಸ ಸರ್ ಬಾಗಿಲಲ್ಲೇ ನಿಂತು, ಬರ್ರಿ ಗೌರಾಬಾಯಿಯವರ ಎಂದು ಬಹಳ ಮರ್ಯಾದೆಯಿಂದ ಕರೆದು ಕುರ್ಚಿ ಹಾಕಿದರು. ಒಳಗೆ ಗುಮ್ಮಟ ಸೀಳಿದ ಜಾಗದಿಂದ ಆಕಾಶ ಕಾಣುತ್ತಿತ್ತು. ಎಲ್ಲಿಯೋ ಒಂದು ಮೋಟರು ಒಂದೇ ಸಮ ಗುಂಯ್ ಎನ್ನುತ್ತಿತ್ತು. ಭೂಮಿ ತಿರುಗುತ್ತದಲ್ಲ, ನಕ್ಷತ್ರ ಜಾರಿಹೋಗದ ಹಾಗೆ ದುರ್ಬೀನನ್ನು ಆ ಮೋಟರೇ ಹಿಂದಿಂದೆ ತಿರುಗಿಸುತ್ತದೆ ಎಂದು ಮಗಳು ಹೇಳಿದಳು. ಕಂಪ್ಯೂಟರಿನ ಪರದೆಯ ಮೇಲೆ ನವಣೆ ಕಾಳಿನಷ್ಟು ಒಂದು ಚುಕ್ಕಿಯನ್ನು ಬೆರಳಿಟ್ಟು ತೋರಿಸಿದಳು. ಇಷ್ಟಕ್ಕಾಗಿ ಇಷ್ಟೆಲ್ಲವೇ ಎಂದುಕೊಂಡೆ, ಆದರೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಹೊತ್ತು ಮುಳುಗಿ ಕತ್ತಲಾಯಿತು. ನಾವು ಹೊರಗೆ ಬಂದು ಕಟ್ಟೆಯ ಹತ್ತಿರ ನಿಂತೆವು. ಕೆಳಗೆ ಊರಿನ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಜನ ಮಾತು ಉಳಿಸಿಕೊಂಡಿದ್ದರು. ಬಾಳಾಸಾಬರ ತೋಟ ಮಾತ್ರ ಝಗಝಗ ಎನ್ನುತ್ತಿತ್ತು. ವಿಶ್ವಾಸ ಸರ್ ನಿಟ್ಟುಸಿರುಬಿಟ್ಟು, ಇರಲಿ, ಇಷ್ಟರಲ್ಲೇ ನೋಡೋಣ, ಸಿಕ್ಕರೂ ಸಿಕ್ಕೀತು ಎಂದರು. ಮನೀಷಾ ತುಟಿ ಕಚ್ಚಿಕೊಂಡು ಒಳಗೆ ಹೊರಟಳು.

ಅಷ್ಟರಲ್ಲಿ ಬಾಳಾಸಾಬರ ತೋಟ ಆರಿಹೋಯಿತು. ತೋಟವಷ್ಟೇ ಅಲ್ಲ, ಊರಲ್ಲಿ ಉಳಿದಿದ್ದ ಒಂದೆರಡು ದೀಪ, ದಾರಿಯ ದೀಪ, ಹಾಲಿನ ಡೇರಿ, ಎಲ್ಲ ಒಂದೇ ಏಟಿಗೆ ಆರಿದವು. ಅಂಥ ಕತ್ತಲೆಯನ್ನು ನಾನು ಸಣ್ಣವಳಿದ್ದಾಗ ಕಂಡಿದ್ದೆ, ಆಮೇಲೆ ಮರೆತೇಬಿಟ್ಟಿದ್ದೆ. ಆಕಾಶದ ತುಂಬ ಚುಕ್ಕಿ. ವಿಶ್ವಾಸ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮನೀಷಾ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿ, "ನೋಡವ್ವಾ, ನೋಡು" ಎಂದಳು. ಸಣ್ಣ ಹುಡುಗಿಯಾಗಿದ್ದಾಗಲೂ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆ ನಗೆ ಅರ್ಧಕ್ಕೇ ನಿಂತಿತು. ಅವಳು ಕಿವಿಗೊಟ್ಟಳು. ಒಳಗಿನ ಮೋಟರಿನ ಸದ್ದು ನಿಂತಿತ್ತು.

ಇಬ್ಬರೂ ಒಳಗೆ ಓಡಿದರು. ಕರೆಂಟು ಹೋದರೆ ಹಿಡಿಯಬೇಕಾದ ಬ್ಯಾಟರಿಗಳು ಕುಯ್ ಎಂದು ಕೂಗಿ ಸತ್ತವು. ಅವು ಹಳೆಯವಾಗಿದ್ದವು, ಹೊಸದು ಕೊಡಿರಿ ಎಂದು ಸರ್ ಬರೆದು ಬರೆದು ಸಾಕಾಗಿದ್ದರು. ಪರದೆ ಕಪ್ಪಾಯಿತು, ಕ್ಯಾಮೆರಾ ಆರಿತು, ದುರ್ಬೀನು ನಿಂತಲ್ಲೇ ನಿಂತಿತು. ಮನೀಷಾ ಹಿಂದಿನ ಶೆಡ್ಡಿಗೆ ಓಡಿ ಜನರೇಟರಿನ ಹಗ್ಗ ಎಳೆದಳು, ಎಳೆದಳು, ನಾನೂ ಕೈಹಚ್ಚಿದೆ. ಅದು ಕೆಮ್ಮಿ ಕೆಮ್ಮಿ ಕೊನೆಗೆ ಹೊತ್ತಿಕೊಂಡಿತು. ಆದರೆ ಕಂಪ್ಯೂಟರು ಕಣ್ಣುಬಿಟ್ಟು ಎಚ್ಚರಾಗಬೇಕಲ್ಲ. ಅದು ಎಚ್ಚರಾಗುವಷ್ಟರಲ್ಲಿ ವಿಶ್ವಾಸ ಸರ್ ಗೋಡೆಯ ಗಡಿಯಾರ ನೋಡಿ, "ಬಿಡು ಮನೀಷಾ. ದಾಟಿ ಹೋತು" ಎಂದರು. ಅವಳು ದುರ್ಬೀನಿನ ಕಬ್ಬಿಣದ ಕಂಬಕ್ಕೆ ಹಣೆ ಆನಿಸಿ ಹಾಗೇ ನೆಲಕ್ಕೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಹೇಳಲು ಬರುತ್ತಿತ್ತು.

ಕರೆಂಟು ಹೇಗೆ ಹೋಯಿತು ಎಂದು ಕೇಳಿದಾಗ ಸರ್ ಹೇಳಿದರು. ಹೋದ ಮಳೆಗಾಲದ ಬಿರುಗಾಳಿಗೆ ಆಚೆ ಮಗ್ಗುಲಿನ ಕಂಬಗಳು ಬಿದ್ದಿದ್ದವಂತೆ. ಆ ವರ್ಷ ಆ ಕಡೆಯ ತುಂಡನ್ನು ಬೀಳು ಬಿಟ್ಟಿದ್ದರಿಂದ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಅವನ್ನು ಎತ್ತಿ ನಿಲ್ಲಿಸುವ ತನಕ ಎಂದು ಗುಡ್ಡದ ಕರೆಂಟನ್ನು ಈಚೆ ಕಡೆಯ, ನಮ್ಮೂರಿನ ಲೈನಿಗೇ ಜೋಡಿಸಿದ್ದರು. ನಮ್ಮೂರಿನ ಲೈನು ಹೋದರೆ ಗುಡ್ಡದ್ದೂ ಹೋದಂತೆ. ನನಗಂತೂ ಯಾವ ತಂತಿ ಎಲ್ಲಿಂದ ಬರುತ್ತದೆ ಎಂಬುದು ತಿಳಿಯದ ವಿಷಯ. ಇಂಥ ಹೊತ್ತಿನಲ್ಲಿ ಲೈನು ತೆಗೆದವನು ಯಾವನು ಎಂದು ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಲೈನ್‌ಮನ್ ದುಂಡೇಶ ಹೊಸದಾಗಿ ಬಂದ ಹುಡುಗ. ಗುಡ್ಡ ಇಳಿಯುವ ತನಕ ಅವನ ಹೆಸರು ಹಿಡಿದು, ಅವನ ಇಕ್ಕಳ, ಏಣಿ, ಮೀಸೆ, ಯಾವುದನ್ನೂ ಬಿಡದೆ ಬೈದೆ.  ನಾವು ಬದು ದಾಟುವ ಹೊತ್ತಿಗೆ ಕರೆಂಟು ಬಂತು. ಬಾಳಾಸಾಬರ ತೋಟ ಮತ್ತೆ ಮದುವೆ ಮನೆಯಾಯಿತು.

ಮನೆಯ ಕಟ್ಟೆಯ ಮೇಲೆ ನಮ್ಮವರು ಕೂತಿದ್ದರು. ಒಗೆದ ಅಂಗಿ, ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ. ನಮ್ಮನ್ನು ಕಂಡೊಡನೆ ಎದ್ದು ನಿಂತರು. ನನ್ನತ್ತ ನೋಡಲಿಲ್ಲ. ನೇರ ಅವಳತ್ತ ನೋಡಿ, "ಬಂದೀ ಏನ ಮಗಳ? ಕತ್ತಲಿ ಸಾಕಾತಿಲ್ಲೋ?" ಎಂದು ಕೇಳಿದರು.

 ಅವರು ಹೇಳುತ್ತಾ ಹೋದರು. ಬಾಳಾಸಾಬರ ಕಟ್ಟೆಯ ಮೇಲೆ ದಿನಾ ಸಂಜೆ ಹೋಗಿ ಕೂತು ಬೇಡಿಕೊಂಡರಂತೆ, ಅವರು ಬಗ್ಗಲಿಲ್ಲವಂತೆ. ಕೊನೆಗೆ ದುಂಡೇಶನನ್ನು ಹಿಡಿದು, ನೆರಳು ಹಾಯುವ ಹೊತ್ತಿಗೆ ಇಡೀ ಲೈನನ್ನೇ ತೆಗೆದುಬಿಡು ಎಂದು ಒಪ್ಪಿಸಿದರಂತೆ. ಹುಡುಗ ಹೆದರಿ, ಗುಡ್ಡಕ್ಕೆ ತೊಂದರೆಯಾದೀತು ಕಾಕಾ ಎಂದನಂತೆ.

"ನಾ ಅಂದ್ನಿ, ಗುಡ್ಡದ್ದು ಆ ಕಡೀ ಲೈನೋ ತಮ್ಮಾ, ಕಂಬ ನೆಡೂ ಮುಂದ ನಾನ ನಿಂತಿದ್ನಿ. ನೀ ಬಿಂದಾಸ ತಗೀ ಅಂದ್ನಿ. ಬರೋಬ್ಬರಿ ಹೊತ್ತಿಗೆ ತಗದಾನಿಲ್ಲೋ?"

ನಾನು ಬಾಯಿ ತೆರೆದೆ. ತೆರೆದದ್ದಷ್ಟೇ, ಮನೀಷಾ ನನ್ನ ಮಣಿಕಟ್ಟು ಹಿಡಿದು ಬಳೆ ಚುಚ್ಚುವ ಹಾಗೆ ಒತ್ತಿದಳು. ಅಪ್ಪನ ಮುಖವನ್ನೇ ನೋಡುತ್ತ, "ಭಾಳ ಛಲೋ ಆತಪ್ಪಾ. ಕೆಲಸ ಆತು" ಎಂದಳು.

ಅವರ ಮುಖ ಅರಳಿದ್ದನ್ನು ನಾನು ಏನೆಂದು ಹೇಳಲಿ. ನನ್ನತ್ತ ತಿರುಗಿ, "ಆಕೀಗೆ ಹೇಳು, ಬಿಸಿ ರೊಟ್ಟಿ" ಎಂದವರು ಅಲ್ಲಿಗೇ ತಡೆದರು, ತಮ್ಮಷ್ಟಕ್ಕೆ ತಾವೇ ನಕ್ಕರು, ಮತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಉಣ್ಣು ನಡಿ ಮಗಳ" ಎಂದರು.

ಊಟವಾದ ಮೇಲೆ ಅಡುಗೆಮನೆಯಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ನಿನ್ನ ಬದುಕು ಮಣ್ಣುಪಾಲಾಯಿತು, ಮಾಡಿದವರಿಗೆ ಗೊತ್ತಾಗುವುದು ಬೇಡವೇ ಎಂದೆ. ಇಬ್ಬರೂ ನೆಟ್ಟಗೆ ಒಂದು ಮಾತಾಡಿಕೊಂಡಿದ್ದರೆ, ಗುಡ್ಡದ ಲೈನು ಬದಲಾಗಿದೆ ಅಪ್ಪಾ ಎಂದು ನೀನು ಉಣ್ಣುವಾಗ ಒಂದು ಮಾತು ಹೇಳಿದ್ದರೆ ಇದು ಆಗುತ್ತಿತ್ತೇ ಎಂದೆ. ಅದೇ ಅವಳಿಗೆ ನಾಟಿತು. ಆಗ ಅತ್ತಳು. ಅತ್ತು ಮುಗಿಸಿ, ನನ್ನ ಒರಸು ಬಟ್ಟೆಯಲ್ಲಿಯೇ ಮುಖ ಒರಸಿಕೊಂಡಳು.

"ಅಪ್ಪಗ ಹೇಳಬ್ಯಾಡವ್ವಾ. ಎಷ್ಟ ದಿನದ ಮ್ಯಾಲ ನನ್ನ ಜೋಡಿ ಮಾತಾಡ್ಯಾನ. ಆ ನೆರಳಾದ್ರೂ ಜಗತ್ತಿನಾಗ ಮತ್ತೆಲ್ಯರ ಬೀಳತೈತಿ. ಇದು ಹೋದರ ತಿರಗಿ ಬರೂದಿಲ್ಲ."

ನಾನು ಹೇಳುವುದಿಲ್ಲ ಎಂದೆ. ನನ್ನ ಕೈಯಿಂದ ಆಣೆ ಹಾಕಿಸಿಕೊಂಡಳು.

ಮುಂದಿನದು ನೀವು ಊಹಿಸಿದ ಹಾಗೆಯೇ ಆಯಿತು. ಮಳೆ ಹಿಡಿಯುವ ಮೊದಲು ಡೋಮಿಗೆ ಬೀಗ ಬಿತ್ತು. ವಿಶ್ವಾಸ ಸರ್ ಸಾಮಾನು ಒಯ್ಯುವ ದಿನ ನಮ್ಮವರೇ ಗುಡ್ಡ ಹತ್ತಿ ಪುಸ್ತಕದ ಪೆಟ್ಟಿಗೆಗಳನ್ನು ಟೆಂಪೊಕ್ಕೆ ಏರಿಸಿಕೊಟ್ಟು ಬಂದರು. ಆ ಸಂಜೆ ಉಣ್ಣಲಿಲ್ಲ. ಈ ವಯಸ್ಸಿನಲ್ಲಿ ಪೆಟ್ಟಿಗೆ ಹೊರಲು ಹೇಳಿದವರಾರು ಎಂದು ಬೈದು, ಅಜವಾನದ ಕಾಳು ಕುದಿಸಿ ಕುಡಿಸಿದೆ. ಮನೀಷಾ ಅಥಣಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಗುಡ್ಡದ ಕೆಲಸ ಮುಗಿಯಿತಪ್ಪಾ, ಬೇಕಾದದ್ದು ಸಿಕ್ಕಿತು, ಇನ್ನು ಅಲ್ಲಿ ಏನಿದೆ ಎಂದು ಅಪ್ಪನಿಗೆ ಹೇಳಿದಳು. ಅವರು ಹೌದು ಹೌದು ಎಂದು ತಲೆಯಾಡಿಸಿದರು. ಮದುವೆಯ ಮಾತನ್ನು ಆಮೇಲೆ ಅವರು ಎತ್ತಲೇ ಇಲ್ಲ.

ಆದರೆ ಆ ಕತ್ತಲೆಯ ಕಥೆಯನ್ನು ಮಾತ್ರ ಹೇಳಿದರು, ಹೇಳಿದರು, ಊರು ತುಂಬ ಹೇಳಿದರು. ಕಟಿಂಗ್ ಅಂಗಡಿಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಜುಗೂಳದ ನಮ್ಮ ನೆಂಟರ ಮನೆಯಲ್ಲಿ, ಎಲ್ಲ ಕಡೆ. ನಮ್ಮೂರು ಕತ್ತಲೆ ಕೊಟ್ಟಿತು, ಮಗಳು ಆಕಾಶದ ಬಳೆ ಹಿಡಿದಳು ಎಂದು. ಬಾಳಾಸಾಬರು ಕೂಡ, ನನ್ನ ಗಿಡಗಳೂ ಆವತ್ತು ಉಪವಾಸ ಮಾಡಿದವು ಎಂದು ಪಾಲು ಕೇಳುತ್ತಿದ್ದರು. ಮನೀಷಾ ಕಾಲೇಜಿನ ರಜೆಗೆ ಬಂದಾಗಲಂತೂ ಯಾರಾದರೊಬ್ಬರು ಕಟ್ಟೆಗೆ ಬಂದು, ಹೇಳ್ರಿ ಮುರಗೆಪ್ಪಣ್ಣ ಎನ್ನುವರು. ಅವರು ಹೇಳುವರು. ಅವಳು ನಗುವಲ್ಲಿ ನಗುವಳು, ಹೌದೆನ್ನುವಲ್ಲಿ ಹೌದೆನ್ನುವಳು. ಅದನ್ನು ಕೇಳುತ್ತ ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ. ನಮ್ಮ ಮನೆಯ ಎಷ್ಟು ಪಾತ್ರೆ ನೆಗ್ಗಿವೆ ಎಂದು ನೋಡಿದರೆ ನನ್ನ ಸಂಕಟ ತಿಳಿಯುತ್ತದೆ.

ಈಗ ಹೋದ ವಾರದ ಮಾತು. ಗುಡ್ಡದ ಆಚೆ ಮಗ್ಗುಲಿನ ತುಂಡಿನಲ್ಲಿ ಕಡಲೆ ಕೀಳಲು ಇಬ್ಬರೇ ಹೋಗಿದ್ದೆವು. ಬಿದ್ದ ಕಂಬಗಳು ಬಿದ್ದಲ್ಲೇ ಇವೆ, ಒಂದರ ಮೇಲೆ ಬಳ್ಳಿ ಹಬ್ಬಿದೆ. ಮೇಲೆ ಡೋಮಿನ ಬಿಳಿ ಬಣ್ಣ ಸುಲಿದು ತುಕ್ಕು ಕಾಣುತ್ತಿತ್ತು. ಬೆಳಗ್ಗೆಯಷ್ಟೇ ರಾಯಬಾಗದಿಂದ ಬಂದ ಬೀಜದ ಕಂಪನಿಯ ಹುಡುಗನೊಬ್ಬನಿಗೆ ಅವರು ಅದೇ ಕಥೆ ಹೇಳಿ ಕಳಿಸಿದ್ದರು. ಬಿಸಿಲಿಗೋ, ತುಕ್ಕು ನೋಡಿದ್ದಕ್ಕೋ, ನನ್ನ ತಲೆ ಕೆಟ್ಟಿತು. ಕಡಲೆ ಗಿಡದ ಕಟ್ಟು ಎಸೆದು, "ಸಾಕ್ ಮಾಡ್ರಿ ಆ ಕತಿ. ಕೇಳಿ ಕೇಳಿ ನನ್ನ ಹೊಟ್ಟಿ ಉರದೈತಿ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಮಗಳ ಆಣೆ ನೆನಪಾಯಿತು.

ಅವರು ಏಳಲಿಲ್ಲ, ಸಿಟ್ಟಾಗಲಿಲ್ಲ. ಗಿಡದ ಬೇರಿನ ಮಣ್ಣು ಝಾಡಿಸುತ್ತ, "ನಿನಗೂ ಗೊತ್ತೈತಿ ಹಂಗಾರ" ಎಂದರು.

 ಗುಡ್ಡಕ್ಕೆ ಬೆನ್ನು ಮಾಡಿ ಕೂತು ಅವರೇ ಹೇಳಿದರು. ವಿಶ್ವಾಸ ಸರ್ ಹೊರಡುವ ದಿನ ಪೆಟ್ಟಿಗೆ ಏರಿಸಿಕೊಟ್ಟ ಮೇಲೆ, ನನ್ನ ಮಗಳು ಹಿಡಿದ ಬಳೆಯ ಫೋಟೊ ಒಂದಿದ್ದರೆ ಕೊಡಿರಿ, ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕುತ್ತೇನೆ ಎಂದು ಕೇಳಿದರಂತೆ. ಯಾರು ಏನು ಮಾಡಿದರೆಂದು ತಿಳಿಯದ ಆ ಪುಣ್ಯಾತ್ಮ, ಎಲ್ಲಿಯ ಬಳೆ ಮುರಗೆಪ್ಪನವರೇ, ಊರಿನ ಲೈನು ಹೋಯಿತು, ನಾವು ಆಗ ನಿಮ್ಮೂರ ಲೈನಿಗೇ ಇದ್ದೆವಲ್ಲ ಎಂದು ಎಲ್ಲ ಹೇಳಿಬಿಟ್ಟರಂತೆ. ಅಂದರೆ ಆ ಅಜವಾನದ ಸಂಜೆಯಿಂದ ಇವರಿಗೆ ಎಲ್ಲ ಗೊತ್ತಿತ್ತು. ನಾನು ಕುಡಿಸಿದ ಕಷಾಯವನ್ನು ಮುಖ ಹಿಂಡದೆ ಕುಡಿದಿದ್ದರು.

ಗೊತ್ತಿದ್ದೂ ಊರ ತುಂಬ ಆ ಕಥೆ ಹೇಳುತ್ತ ತಿರುಗಿದ್ದು ಯಾವ ನಾಚಿಕೆಗೇಡು ಎಂದು ಕೇಳಿದೆ. 

"ಆಕಿ ಅಷ್ಟ ದೊಡ್ಡ ಸುಳ್ಳ ಹೇಳ್ಯಾಳ, ನನ್ನ ಸಲುವಾಗಿ. ನಾ ಸುಮ್ಮನಾದ್ರ ಅಪ್ಪಗ ಗೊತ್ತಾತು ಅಂತ ತಿಳೀತಾಳ. ಗುಡ್ಡ ನನ್ನ ಕೈಲೆ ಹೋತು. ಆಕೀ ಸುಳ್ಳಾದ್ರೂ ಉಳೀಲಿ ಅಂತ ಹೇಳತೀನಿ."

ಅಷ್ಟು ಹೇಳಿ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅವರ ಅವ್ವ ತೀರಿದಾಗ ಒಂದು ಸಲ, ಈಗ ಒಂದು ಸಲ. ಏನಾದರೂ ಬೈಯೋಣ ಎಂದುಕೊಂಡೆ, ಬೈಗುಳವೊಂದೂ ನೆನಪಿಗೆ ಬರಲಿಲ್ಲ. ಚೀಲ ಹೊತ್ತು ಎದ್ದು ನಿಂತಾಗ ಅವರು ನನ್ನತ್ತ ನೋಡದೆ, "ಆಕೀಗೆ ಹೇಳಬ್ಯಾಡ, ನನಗ ಗೊತ್ತೈತಿ ಅಂತ" ಎಂದರು.

ಭಾನುವಾರ ಮನೀಷಾ ಬಂದಳು. ಸಂಜೆ ಬಾಳಾಸಾಬರು ಡ್ರ್ಯಾಗನ್ ಹಣ್ಣು ತಂದುಕೊಟ್ಟು ಕಟ್ಟೆಯ ಮೇಲೆ ಕೂತರು, ಸಾಂಗಾ ಸಾಂಗಾ, ಆ ಕತಿ ಹೇಳು ಮುರಗೆಪ್ಪಾ ಎಂದು ಚುಚ್ಚಿದರು. ನಮ್ಮವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ದುಂಡೇಶ ಹೆದರಿದ್ದು, ತಾವು ಧೈರ್ಯ ಹೇಳಿದ್ದು, ಇಡೀ ಸೀಮೆ ಒಂದೇ ಏಟಿಗೆ ಕತ್ತಲಾದದ್ದು, ಆಕಾಶದಲ್ಲಿ ದೀಪ ಮಿಣುಕಿದ್ದು. ಈ ಸಲ ಎರಡು ಸಲ ಮಿಣುಕಿತು ಎಂದರು. "ಹೌದಿಲ್ಲೋ ಮಗಳ?" ಎಂದು ಕೇಳಿದರು. "ಹೌದಪ್ಪಾ, ಎರಡ ಸಲ" ಎಂದಳು ಅವಳು.

ನಾನು ಬಾಗಿಲ ಸಂದಿಯಿಂದ ಇಬ್ಬರ ಮುಖವನ್ನೂ ನೋಡಿದೆ. ನೇರ ಮಾತಾಡಲಿ ಎಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ, ಈಗ ಇಬ್ಬರೂ ನೇರವಾಗಿಯೇ ಮಾತಾಡುತ್ತಾರೆ. ಆಡುವುದು ಇಷ್ಟನ್ನೇ. ಇಬ್ಬರಿಗೂ ಗೊತ್ತಿರುವ, ಇಬ್ಬರೂ ಮುಚ್ಚಿಡು ಎಂದ ಒಂದೇ ಒಂದು ಮಾತು ನನ್ನ ಹತ್ತಿರ ಉಳಿದಿದೆ, ಅದನ್ನು ಈ ಕಡೆಗೂ ಒಯ್ಯುವಂತಿಲ್ಲ, ಆ ಕಡೆಗೂ ಒಯ್ಯುವಂತಿಲ್ಲ.

ಊಟಕ್ಕೆ ಕರೆದೆ. ಬಂದು ಎದುರುಬದುರು ಕೂತರು. ನಾನು ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಸಿದೆ.